ಅರವತ್ತನಾಲ್ಕೂವರೆ ಡಿಗ್ರಿ

ಪಾಂಡವಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ, ಅಡಿಗೆಮನೆಯ ಪಕ್ಕದ ಒಂದು ಚಿಕ್ಕ ಕೋಣೆಯಲ್ಲಿ ನಾನು ಪ್ಲಾಸ್ಟಿಕ್ಕಿನ ಹರಳು ಬೆಳೆಸುತ್ತಿದ್ದೆ. ಕೇಳಿದವರಿಗೆ ಹಾಗೆಯೇ ಹೇಳುತ್ತಿದ್ದೆ. ಪಾಲಿಮರ್ ಎಂದರೆ ಇನ್ನೊಂದು ಪ್ರಶ್ನೆ ಬರುತ್ತಿತ್ತು, ಪ್ಲಾಸ್ಟಿಕ್ ಎಂದರೆ ಜನ ಸುಮ್ಮನಾಗುತ್ತಿದ್ದರು. ನಿಜವಾಗಿ ಅದು ಕೊಡವೋ ಚೀಲವೋ ಆಗುವಂಥ ಪ್ಲಾಸ್ಟಿಕ್ ಅಲ್ಲ. ಮಾತ್ರೆಗಳಿಗೂ ಮುಲಾಮುಗಳಿಗೂ ಸೇರಿಸುವ, ನೀರಿನಲ್ಲಿ ಕರಗುವ ಬಿಳಿ ಪುಡಿ. ಕಾಯಿಸಿದರೆ ಮೇಣದ ಹಾಗೆ ಕರಗುತ್ತದೆ, ಆರಿದರೆ ಮತ್ತೆ ಗಟ್ಟಿಯಾಗುತ್ತದೆ. ಅದರ ಒಂದೊಂದು ಅಣುವೂ ಒಂದು ಉದ್ದನೆಯ ದಾರ. ಆರುವಾಗ ಆ ದಾರಗಳು ಮಡಿಚಿಕೊಂಡು, ಒಂದರ ಪಕ್ಕ ಒಂದು ಒತ್ತಿ ಕೂತು ಹರಳಾಗುತ್ತವೆ. ಒಂದೇ ಹೊತ್ತಿಗೆ ಸಾವಿರ ಕಡೆ ಹರಳು ಶುರುವಾದರೆ ಯಾವುದಕ್ಕೂ ಬೆಳೆಯಲು ಜಾಗ ಸಿಗುವುದಿಲ್ಲ. ಎಲ್ಲವೂ ಕುಳ್ಳಗೆ, ಅಂಚು ಮುರಿದುಕೊಂಡು, ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತುಬಿಡುತ್ತವೆ. ನನಗೆ ಬೇಕಿದ್ದದ್ದು ಕೆಲವೇ ಹರಳು, ಆದರೆ ದೊಡ್ಡವು, ಅಂಚು ನೇರವಾಗಿರುವಂಥವು. ಅದೇ ನನ್ನ ಡಾಕ್ಟರೇಟಿನ ವಿಷಯ.

ಪಾಂಡವಪುರದಲ್ಲಿ ಮನೆ ಮಾಡಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನನ್ನ ಗಂಡನಿಗೆ ಕೆ.ಆರ್. ಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ. ನಾನು ನಾಗಮಂಗಲದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ನನ್ನ ತವರು ಶ್ರೀರಂಗಪಟ್ಟಣ, ಅಪ್ಪ ಅಲ್ಲಿ ದೇವಸ್ಥಾನದ ಪರಿಚಾರಕರಾಗಿದ್ದರು. ಮೂರು ಕಡೆಗೂ ಬಸ್ಸು ಸಿಗುವ ಊರು ಅಂತ ಪಾಂಡವಪುರವನ್ನು ಆರಿಸಿಕೊಂಡೆವು. ಬೆಳಿಗ್ಗೆ ಅವರು ಒಂದು ದಿಕ್ಕಿನ ಬಸ್ಸು ಹತ್ತಿದರೆ ನಾನು ಇನ್ನೊಂದು ದಿಕ್ಕಿನದು.

ಡಾಕ್ಟರೇಟಿಗೆ ನೋಂದಾಯಿಸಿದಾಗ ನನಗೆ ನಲವತ್ತು ದಾಟಿತ್ತು. ಮೈಸೂರಿನಲ್ಲಿದ್ದ ನನ್ನ ಮಾರ್ಗದರ್ಶಕರು ನನಗಿಂತ ಚಿಕ್ಕವರು. ಆ ಕಾರಣಕ್ಕೋ ಏನೋ, ನನ್ನನ್ನು ಬೈಯಬೇಕಾದಾಗಲೆಲ್ಲ ಬಹಳ ನಯವಾಗಿ ಮಾತಾಡುತ್ತಿದ್ದರು. ಬೈದಿದ್ದರೆ ಮರೆತುಬಿಡಬಹುದಿತ್ತು. ನಯದ ಮಾತು ಬಸ್ಸಿನಲ್ಲಿ ವಾಪಸ್ಸು ಬರುವಾಗಲೂ ಜೊತೆಗೇ ಬರುತ್ತಿತ್ತು.

ಮೊದಲ ಎರಡು ವರ್ಷ ನಾನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಕೆಲಸ ಮಾಡಿದೆ. ಗಾಜಿನ ಪಟ್ಟಿಯ ಮೇಲೆ ಪಾಲಿಮರಿನ ತೆಳು ಪದರ ಹಚ್ಚಿ, ಬಿಸಿತಟ್ಟೆಯ ಮೇಲಿಟ್ಟು ಕರಗಿಸಿ, ನಿಧಾನಕ್ಕೆ ಆರಿಸುವುದು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಪ್ರತಿ ಸಲವೂ ಕಾಣುತ್ತಿದ್ದದ್ದು ಒತ್ತೊತ್ತಾಗಿ ತುಂಬಿಕೊಂಡ ಸಣ್ಣ ಹೂವುಗಳಂಥ ರಚನೆ. ನೋಡಲು ಚೆನ್ನಾಗಿಯೇ ಇರುತ್ತಿತ್ತು, ವಿದ್ಯಾರ್ಥಿಗಳಿಗೆ ತೋರಿಸಿದರೆ ಫೋಟೋ ತೆಗೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಸೋಲು. ಕಾಲೇಜಿನ ಸುತ್ತಮುತ್ತ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಕರೆಂಟು ಬಿಟ್ಟ ತಕ್ಷಣ ನಮ್ಮ ವೋಲ್ಟೇಜು ಇಳಿಯುತ್ತಿತ್ತು. ಬಿಸಿತಟ್ಟೆಯ ಶಾಖ ಎರಡು ಡಿಗ್ರಿ ಕುಸಿದು, ಆಮೇಲೆ ಮೂರು ಡಿಗ್ರಿ ಏರುತ್ತಿತ್ತು. ಗದ್ದೆಗೆ ನೀರು ಹಾಯುವ ಹೊತ್ತು ನನ್ನ ಹರಳು ಕೆಡುವ ಹೊತ್ತು. ಇದಕ್ಕೆ ಯಾರನ್ನು ದೂರುವುದು? ಪ್ರಾಂಶುಪಾಲರಿಂದ ಅನುಮತಿ ಪತ್ರ ಬರೆಸಿಕೊಂಡು ಸೂಕ್ಷ್ಮದರ್ಶಕವನ್ನೂ ಬಿಸಿತಟ್ಟೆಯನ್ನೂ ಮನೆಗೆ ತಂದೆ. ಭಾನುವಾರ ಮತ್ತು ರಜೆಯ ದಿನಗಳಲ್ಲಿ ಹಗಲೆಲ್ಲ ಆ ಚಿಕ್ಕ ಕೋಣೆಯಲ್ಲಿ ಕೂರುತ್ತಿದ್ದೆ.

ಮನೆಯ ಯಜಮಾನರು ಕೆಳಗಡೆ ಇದ್ದರು. ಎಪ್ಪತ್ತರ ಆಸುಪಾಸಿನ ವ್ಯಕ್ತಿ, ಎತ್ತರದ ಆಳು, ಯಾವಾಗಲೂ ತೋಳಿಲ್ಲದ ಬನಿಯನ್ನು ಮತ್ತು ಪಂಚೆ. ಎರಡು ಹಸು ಕಟ್ಟಿದ್ದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದಮೇಲೆ ಜಗಲಿಯ ಮೇಲೆ ಕೂತು ಪೇಪರನ್ನು ಕೊನೆಯ ಪುಟದಿಂದ ಓದುತ್ತಿದ್ದರು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು ಅಂತ ಮಾತ್ರ ನನಗೆ ಗೊತ್ತಿತ್ತು. ಏನು ಕೆಲಸ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕಾರ್ಖಾನೆ ಅಂದಮೇಲೆ ಯಾವುದೋ ಯಂತ್ರದ ಹತ್ತಿರ ನಿಂತಿದ್ದಿರಬಹುದು ಅಂದುಕೊಂಡಿದ್ದೆ.

ಒಂದು ಭಾನುವಾರ ಅವರು ಮಹಡಿ ಹತ್ತಿ ಬಂದರು. ನನ್ನ ಸ್ಟೆಬಿಲೈಜರಿನ ಸದ್ದು ಕೆಳಗಿನ ಕೋಣೆಗೆ ಕೇಳಿಸುತ್ತಿತ್ತಂತೆ.

"ಮೇಡಮ್ಮೋರೆ, ಏನದು ಗುಂಯ್ ಅಂತಾನೇ ಅದಲ್ಲ? ಫ್ರಿಜ್ಜೇನಾದ್ರೂ ಕೆಟ್ಟೋಗದಾ?" ಅಂತ ಕೇಳಿದರು.

ನಾನು ಕೋಣೆಗೆ ಕರೆದು ತೋರಿಸಿದೆ. ಬಾಡಿಗೆದಾರರು ಮನೆಯೊಳಗೆ ಏನೋ ಕಾಯಿಸುತ್ತಿದ್ದಾರೆ ಎಂಬ ಅನುಮಾನ ಉಳಿಯಬಾರದು ಅಂತಲೇ ಸ್ವಲ್ಪ ವಿವರವಾಗಿ ಹೇಳಿದೆ. ಅವರು ಬಿಸಿತಟ್ಟೆಯ ಕಡೆ ನೋಡಲಿಲ್ಲ. ಸೂಕ್ಷ್ಮದರ್ಶಕದ ಕಡೆ ನೋಡುತ್ತಿದ್ದರು.

"ನಾನೂ ಒಂದಪ ನೋಡ್ಲಾ?" ಅಂದರು.

ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡುವವರು ಸಾಮಾನ್ಯವಾಗಿ ಕಣ್ಣು ಕಿರಿದು ಮಾಡಿ ಏನೂ ಕಾಣಲ್ಲ ಅನ್ನುತ್ತಾರೆ. ಇವರು ಕನ್ನಡಕ ತೆಗೆದು ಜೇಬಿಲ್ಲದ ಬನಿಯನ್ನಿಗೆ ಸಿಕ್ಕಿಸಿಕೊಂಡು, ಬಗ್ಗಿ, ತಾವೇ ತಿರುಪು ತಿರುಗಿಸಿ ಸರಿಮಾಡಿಕೊಂಡರು. ಬಹಳ ಹೊತ್ತು ಹಾಗೇ ಬಗ್ಗಿದ್ದರು.

"ಈಟೊಂದು ಕಾಳು ಯಾಕೆ ಎಬ್ಬುಸ್ಬುಟ್ರಿ?" ಅಂದರು ಕೊನೆಗೆ.

ನನಗೆ ಅರ್ಥವಾಗಲಿಲ್ಲ. ಅವರು ನೇರವಾಗಿ ನಿಂತು, ಕನ್ನಡಕ ಹಾಕಿಕೊಂಡು ಹೇಳಿದರು. "ನಾನು ಪ್ಯಾನ್‌ಮನ್ ಆಗಿದ್ದೋನು ಕಣವ್ವ. ಪ್ಯಾನು ಅಂದ್ರೆ ಕಬ್ಬಿನ ಪಾಕ ಕಾಯೋ ದೊಡ್ಡ ಕೊಪ್ಪರಿಗೆ. ಗಾಳಿ ಎಳ್ದುಬುಟ್ಟಿರ್ತಾರೆ ಅದ್ರೊಳ್ಗೆ, ಅದ್ಕೆ ಕಮ್ಮಿ ಬಿಸೀಗೇ ಕುದೀತದೆ. ಅದ್ರಲ್ಲಿ ಸಕ್ರೆ ಕಾಳು ಬೆಳ್ಸೋದೇ ನನ್ ಕೆಲ್ಸ. ಕಾಳು ಕಮ್ಮಿ ಎಬ್ಬುಸ್ಬೇಕು, ದಪ್ಪ ಮಾಡ್ಬೇಕು. ಇಂಗೆ ಪುಡಿ ಎದ್ದುಬುಟ್ರೆ ನಮ್ ಕೆಮಿಸ್ಟ್ ಸಾಹೇಬ್ರು ನೆಲಕ್ಕಾಕಿ ತುಳೀತಿದ್ರು ನಮ್ಮುನ್ನ."

"ಎಷ್ಟು ಬಿಸಿಯಲ್ಲಿ ಬೆಳೆಸ್ತಿದ್ರಿ?" ಅಂದೆ.

"ಅರವತ್ತೈದು, ಅರವತ್ತೆಂಟು. ಅದ್ರ ಆಸುಪಾಸು."

ನನ್ನ ಪಾಲಿಮರು ಕರಗುವುದು ಅರವತ್ತೈದರ ಹತ್ತಿರ. ಇದು ಕಾಕತಾಳೀಯ, ಅದರಲ್ಲಿ ಹೆಚ್ಚಿನ ಅರ್ಥವೇನೂ ಇಲ್ಲ. ಆದರೆ ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದು ಆಗಲೇ.

ನಾನು ಹೇಗೆ ಮಾಡುತ್ತೇನೆ ಅಂತ ಕೇಳಿದರು. ಎಂಬತ್ತು ಡಿಗ್ರಿಗೆ ಏರಿಸಿ ಎಲ್ಲವನ್ನೂ ಕರಗಿಸಿ, ಆಮೇಲೆ ನಿಧಾನಕ್ಕೆ ಇಳಿಸುತ್ತೇನೆ ಅಂದೆ.

"ಅಲ್ಲೇ ತಪ್ತಿರೋದು. ಪೂರಾ ಕರಗುಸ್ಬುಟ್ರೆ ಇನ್ನೇನುಳೀತದೆ? ಒಂದೂ ಇರಾಕಿಲ್ಲ. ಆಮೇಲೆ ತಣ್ಣಗೆ ಮಾಡ್ದಾಗ ಗುಂಪಾಗಿ ಎದ್ಬುಡ್ತವೆ, ಸಿಕ್ಕಿದ್ ಕಡೆ. ನಮ್ಗೂ ಇಂಗೇ ಆಗದು. ಪುಡಿ ಎದ್ದಾಗ ಏನ್ ಮಾಡ್ತಿದ್ವಿ ಗೊತ್ತಾ? ವಸಿ ನೀರು ಕುಡುಸ್ತಿದ್ವಿ ಪ್ಯಾನಿಗೆ, ವಸಿ ಬಿಸಿ ಜಾಸ್ತಿ ಮಾಡ್ತಿದ್ವಿ. ಪುಡಿಯೆಲ್ಲ ಕರಗೋಗದು. ದಪ್ಪಗಿರೋವು ಉಳ್ಕೊಳವು. ಆಮೇಲೆ ಪಾಕ ಕೊಟ್ರೆ ಉಳ್ದವೇ ತಿಂದ್ಕೊಂಡು ಬೆಳೆಯವು."

"ಎಲ್ಲಿಗೆ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗ್ತಿತ್ತು?"

"ಗಾಜಿನ್ ಮೇಲೆ ಒಂದ್ ತೊಟ್ಟು ಆಕೊಂಡು ಬೆಳಕಿಗಿಡ್ದು ನೋಡದು. ಎಬ್ಬೆಟ್ನಲ್ಲಿ ತಿಕ್ಕಿ ನೋಡದು. ಇನ್ನೇನು, ಅದ್ರ ಮುಂದೇನೇ ನಿಂತಿರ್ಬೇಕು."

ಈ ಉಪಾಯ ನಾನು ಕೇಳದೇ ಇದ್ದದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಪಾಲಿಮರನ್ನು ಪೂರ್ತಿ ಕರಗಿಸದೆ, ಹಳೆಯ ಹರಳುಗಳ ಕೆಲವು ಚೂರುಗಳನ್ನು ಮಾತ್ರ ಬೀಜವಾಗಿ ಉಳಿಸಿಕೊಂಡು, ಅವುಗಳ ಮೇಲೆ ದೊಡ್ಡ ಹರಳು ಬೆಳೆಸುವ ವಿಧಾನ ಹಳೆಯದು. ಲೇಖನಗಳಲ್ಲಿ ಓದಿದ್ದೆ, ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಆದರೆ ಅದಕ್ಕೆ ಬೇಕಾದ ಶಾಖದ ಹದ ಅರ್ಧ ಡಿಗ್ರಿಯೊಳಗಿನದು. ಅರವತ್ತನಾಲ್ಕಕ್ಕೆ ನಿಲ್ಲಿಸಿದರೆ ಬೀಜಗಳು ವಿಪರೀತ, ಅರವತ್ತೈದಕ್ಕೆ ಹೋದರೆ ಒಂದೂ ಇಲ್ಲ. ನನ್ನ ಬಿಸಿತಟ್ಟೆ ಒಂದೂವರೆ ಡಿಗ್ರಿ ಮೇಲಕ್ಕೂ ಕೆಳಕ್ಕೂ ಓಡಾಡುವ ಯಂತ್ರ. ಹೀಗಾಗಿ ಅದು ದೊಡ್ಡ ಸಂಸ್ಥೆಗಳವರ ಕೆಲಸ ಅಂತ ಆ ಪುಟವನ್ನು ಮಡಿಚಿಟ್ಟಿದ್ದೆ. ಯಜಮಾನರು ಮಾಡಿದ್ದೇನೆಂದರೆ, ಇಪ್ಪತ್ತು ಮೂವತ್ತು ಟನ್ ಪಾಕವನ್ನು ಕಣ್ಣಿನಲ್ಲೂ ಹೆಬ್ಬೆರಳಿನಲ್ಲೂ ಆ ಹದಕ್ಕೆ ತರುತ್ತಿದ್ದ ಜನ ಇದ್ದರು ಎಂಬುದನ್ನು ನನ್ನ ಎದುರಿಗೇ ಕೂತು ಹೇಳಿದ್ದು.

ಶಾಖದ ತೊಂದರೆಯನ್ನು ಅವರಿಗೆ ಹೇಳಿದೆ. ಅವರು ಬಿಸಿತಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಇದು ತಗಡು ಕಣವ್ವ. ತಗಡು ಬೇಗ ಕಾಯ್ತದೆ, ಬೇಗ ಆರ್ತದೆ. ನೀರಲ್ಲಿ ಮಡಗಿ. ಜಾಸ್ತಿ ನೀರಿದ್ರೆ ಬಿಸಿ ಕದಲಾಕಿಲ್ಲ. ಕರೆಂಟು ಅರ್ಧ ಗಂಟೆ ಓದ್ರೂ ಏನಾಯ್ತದೆ?"

ಅವರ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಗೀಸರು ಬಂದಮೇಲೆ ಅದರಲ್ಲಿ ಹಸುವಿನ ಬೂಸಾ ತುಂಬಿಟ್ಟಿದ್ದರು. ಅದನ್ನು ಖಾಲಿ ಮಾಡಿ, ಹುಣಿಸೆಹಣ್ಣು ಹಾಕಿ ತಿಕ್ಕಿ, ನನ್ನ ಗಂಡ ಮತ್ತು ಅವರು ಇಬ್ಬರೂ ಸೇರಿ ಮಹಡಿಗೆ ಹೊತ್ತು ತಂದರು. ಯಜಮಾನರ ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತು, "ಬೂಸಾ ಎಲ್ಲಿಗೆ ತುಂಬ್ಲಿ ಈಗ, ನನ್ ತಲೆ ಮ್ಯಾಕಾ?" ಅಂತ ಕೇಳಿದರು.

ಹಂಡೆಯ ಸುತ್ತ ಎರಡು ಸುತ್ತು ಗೋಣಿಚೀಲ ಕಟ್ಟಿದೆವು. ನೀರು ಕಾಯಿಸುವ ಕಾಯಿಲನ್ನು ಥರ್ಮೋಸ್ಟಾಟಿಗೆ ಜೋಡಿಸಿ ಒಳಗೆ ಇಳಿಬಿಟ್ಟೆ. ಒಂದು ಡಿಗ್ರಿಯಲ್ಲಿ ಹತ್ತು ಗೆರೆಯಿರುವ ಥರ್ಮಾಮೀಟರನ್ನು ಕಾಲೇಜಿನಿಂದ ತಂದೆ. ಗಾಜಿನ ಪಟ್ಟಿಗಳನ್ನು ಬಿಗಿ ಮುಚ್ಚಳದ ಸ್ಟೀಲು ಡಬ್ಬಿಯಲ್ಲಿಟ್ಟು, ತೇಲದಿರಲಿ ಅಂತ ತಳಕ್ಕೆ ಮರಳು ಹಾಕಿ, ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿಸಿದೆ. ಶಾಖ ಎಲ್ಲ ಕಡೆ ಒಂದೇ ಸಮ ಇರಬೇಕಾದರೆ ನೀರನ್ನು ಕದಡುತ್ತಿರಬೇಕು. ಅದಕ್ಕೆ ಯಜಮಾನರ ಹೆಂಡತಿ ಒಂದು ಹಳೆಯ ಮುದ್ದೆ ಕೋಲು ಕೊಟ್ಟರು. ಪ್ರಬಂಧದಲ್ಲಿ ಇದನ್ನೆಲ್ಲ 'ಅಧಿಕ ಗಾತ್ರದ, ಕೈಯಿಂದ ಕದಡುವ ಜಲತಾಪಕ' ಎಂಬರ್ಥದ ಇಂಗ್ಲಿಷಿನಲ್ಲಿ ಬರೆದಿದ್ದೇನೆ.

ಹದ ಸಿಕ್ಕಲು ನಾಲ್ಕೈದು ತಿಂಗಳಾಯಿತು. ಬಹುಪಾಲು ಭಾನುವಾರಗಳು ವ್ಯರ್ಥ. ಯಜಮಾನರು ಹಸುಗಳಿಗೆ ಮೇವು ಹಾಕಿ ಹತ್ತು ಗಂಟೆಗೆ ಬಂದು ಹಂಡೆಯ ಪಕ್ಕ ಕೂತರೆ ಊಟಕ್ಕೆ ಮಾತ್ರ ಏಳುತ್ತಿದ್ದರು. ನಾನು ಥರ್ಮಾಮೀಟರ್ ಓದಿ ಬರೆದುಕೊಳ್ಳುತ್ತಿದ್ದೆ. ಅವರು ಕೋಲು ತಿರುಗಿಸುತ್ತಾ, ಡಬ್ಬಿಯಿಂದ ತೆಗೆದ ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಇನ್ನೂ ಜಾಸ್ತಿ ಅವೆ, ಒಂದೀಟು ಏರ್ಸಿ, ಅನ್ನುತ್ತಿದ್ದರು. ಅಥವಾ, ಓಯ್ತು, ಎಲ್ಲ ಕರಗೋಯ್ತು ಬುಡಿ, ಅನ್ನುತ್ತಿದ್ದರು. ನಾನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಹೆಚ್ಚುಕಮ್ಮಿ ಅವರು ಹೇಳಿದ ಹಾಗೇ ಇರುತ್ತಿತ್ತು. ಎರಡು ಮೂರು ಸಲ ತಪ್ಪಿದ್ದೂ ಉಂಟು. ತಪ್ಪಿದಾಗ ಅವರು ಪಟ್ಟಿಯನ್ನು ಇಸಿದುಕೊಂಡು ಮತ್ತೆ ನೋಡಿ ಕೆಳಗಿಡುತ್ತಿದ್ದರು.

ಅರವತ್ತನಾಲ್ಕೂವರೆಯಲ್ಲಿ ಕಾಲು ಗಂಟೆ ನಿಲ್ಲಿಸಿ, ಆಮೇಲೆ ಚೊಂಬು ಚೊಂಬಾಗಿ ತಣ್ಣೀರು ಹಾಕಿ ಐವತ್ತೈದಕ್ಕೆ ತಂದು, ಸಂಜೆಯವರೆಗೆ ಹಾಗೇ ಬಿಟ್ಟ ಒಂದು ದಿನ ಅದು ಆಯಿತು. ಪಟ್ಟಿ ತೆಗೆದು ಬೆಳಕಿಗೆ ಹಿಡಿದಾಗ ಬರಿಗಣ್ಣಿಗೇ ಏಳೆಂಟು ಚುಕ್ಕೆ ಕಂಡವು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಚೌಕಗಳು. ನೇರ ಅಂಚು, ಚೂಪು ಮೂಲೆ, ಒಂದರಿಂದ ಒಂದು ದೂರ. ಸುತ್ತಲೂ, ಹೊರಗೆ ತೆಗೆದಾಗ ಗಕ್ಕನೆ ಗಟ್ಟಿಯಾದ ಉಳಿದ ಪಾಲಿಮರಿನ ಪುಡಿಹೂವು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಯಜಮಾನರು ನೋಡಿದರು. ಕೆಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಒಂದು ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು ನೋಡಿ, "ಬರ್ಫಿ ಕುಯ್ದು ಮಡಗ್ದಂಗವೆ" ಅಂದರು. ಆ ಹೊತ್ತಿಗೆ ಹೊರಗಿನಿಂದ ಬಂದ ನನ್ನ ಗಂಡ ಎಲ್ಲರಿಗೂ ಕಾಫಿ ಮಾಡಿದರು. ಅಷ್ಟೇ ಆಚರಣೆ.

ಆಮೇಲಿನದು ಬರವಣಿಗೆ. ಮಾರ್ಗದರ್ಶಕರು ಹರಳಿನ ಚಿತ್ರಗಳನ್ನು ನೋಡಿ ಮೊದಲ ಸಲ ನನ್ನ ಹತ್ತಿರ ನಯವಿಲ್ಲದೆ, ಸಹಜವಾಗಿ ಮಾತಾಡಿದರು. ಪ್ರಬಂಧ ಸಲ್ಲಿಕೆಯಾಯಿತು. ವರ್ಷದ ಮೇಲೆ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಅದು ಯಾರು ಬೇಕಾದರೂ ಬಂದು ಕೂರಬಹುದಾದ ಸಭೆ. ಯಜಮಾನರಿಗೆ ಹೇಳಿದೆ. ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಅಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಗೇಟಿನ ಹತ್ತಿರ ನಿಂತಿದ್ದರು. ನನ್ನ ಗಂಡನಿಗೆ ರಜೆ ಸಿಕ್ಕಿರಲಿಲ್ಲ. ನಾವಿಬ್ಬರೇ ಆಟೋದಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಮೈಸೂರಿಗೆ ರೈಲು ಹತ್ತಿದೆವು.

ಅವರು ಕೋಣೆಯ ಕೊನೆಯ ಸಾಲಿನಲ್ಲಿ ಕೂತರು. ನಾನು ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದೆ. ಪರದೆಯ ಮೇಲೆ ಚೌಕದ ಹರಳುಗಳು ಬಂದಾಗ ಒಂದಿಬ್ಬರು ಮುಂದಕ್ಕೆ ಬಾಗಿದರು. ಪರೀಕ್ಷಕರು ಹೊರ ರಾಜ್ಯದಿಂದ ಬಂದಿದ್ದ ಹಿರಿಯರು. ಒಳ್ಳೆಯ ಮಾತಾಡಿದರು. ಆಮೇಲೆ ಕೇಳಿದರು: ಇಷ್ಟು ಸರಳ ಉಪಕರಣದಲ್ಲಿ, ಬೀಜ ಉಳಿಸಿಕೊಳ್ಳುವ ವಿಧಾನಕ್ಕೆ ಕೈ ಹಾಕುವ ಧೈರ್ಯ ನಿಮಗೆ ಹೇಗೆ ಬಂತು, ಯಾರು ಸೂಚಿಸಿದರು?

ಉತ್ತರ ನನ್ನ ಬಾಯಲ್ಲೇ ಇತ್ತು. ಕೊನೆಯ ಸಾಲಿನಲ್ಲಿ ಕೂತಿರುವ ಇವರು ಅಂತ ಕೈ ತೋರಿಸಿದರೆ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಹಿಂದಿನ ಸಾಹಿತ್ಯದಲ್ಲಿ ಈ ವಿಧಾನ ಇದೆ, ಅದನ್ನು ಓದಿ ನನ್ನ ಪರಿಸ್ಥಿತಿಗೆ ಹೊಂದಿಸಿಕೊಂಡೆ ಅಂದೆ. ಅದು ಪೂರ್ತಿ ಸುಳ್ಳೂ ಅಲ್ಲ. ಪರೀಕ್ಷಕರು ತಲೆದೂಗಿದರು. ನಾನು ಹಿಂದಿನ ಸಾಲಿನ ಕಡೆ ನೋಡಲಿಲ್ಲ.

ವಾಪಸ್ಸು ಬರುವಾಗ ರೈಲಿನಲ್ಲಿ ಜನ ಕಡಿಮೆ ಇದ್ದರು. ಶ್ರೀರಂಗಪಟ್ಟಣ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಯಜಮಾನರು ಕೇಳಿದರು.

"ಆ ಸಾಹೇಬ್ರು ಕಡೇಲಿ ಏನೋ ಕೇಳುದ್ರಲ್ಲ, ಸೀಡು ಅಂತ. ಏನದು?"

ಅವರು ಮೂರು ದಶಕ ಕೆಮಿಸ್ಟುಗಳ ಕೈಕೆಳಗೆ ದುಡಿದವರು. ಸೀಡು, ಗ್ರೇನು, ಟೆಂಪರೇಚರು ಎಂಬ ಮಾತುಗಳೆಲ್ಲ ಅವರಿಗೆ ನನಗಿಂತ ಹಳೆಯ ಪರಿಚಯ.

"ಎಷ್ಟು ಬಿಸಿಗೆ ಕರಗಿಸಿದ್ರಿ ಅಂತ ಕೇಳಿದ್ರು," ಅಂದೆ.

"ಓ," ಅಂದರು. ಆಮೇಲೆ ಪಾಂಡವಪುರದವರೆಗೂ ಕಿಟಕಿಯ ಕಡೆ ನೋಡುತ್ತಾ ಕೂತರು.

ಮಾರನೆಯ ವಾರದಿಂದ ಅವರು ಮಹಡಿಗೆ ಬರುವುದು ನಿಂತಿತು. ಬರಲು ಕಾರಣವೂ ಇರಲಿಲ್ಲ, ಕೆಲಸ ಮುಗಿದಿತ್ತು. ಎದುರಾದರೆ ಮಾತಾಡುತ್ತಿದ್ದರು. ಆದರೆ ನನ್ನನ್ನು ಮತ್ತೆ 'ಮೇಡಮ್ಮೋರೆ' ಅನ್ನತೊಡಗಿದ್ದರು. 'ಅವ್ವ' ಹೋಗಿತ್ತು. ಒಂದು ದಿನ ನಲ್ಲಿ ನೀರು ಹಿಡಿಯುವಾಗ ಅವರ ಹೆಂಡತಿಯೇ ಕೇಳಿದರು.

"ಮೈಸೂರ್ಗೋಗಿ ಬಂದಾಗಿಂದ್ಲೂ ಒಂಥರಾ ಅವ್ರೆ. ಏನಾರ ಅಂದ್ರಾ ಅಲ್ಲಿ ಯಾರಾದ್ರೂ?"

"ಯಾರೂ ಏನೂ ಅನ್ನಲಿಲ್ಲಮ್ಮ," ಅಂದೆ. ಅದು ನಿಜ. ಯಾರೂ ಏನೂ ಅನ್ನಲಿಲ್ಲ ಎಂಬುದೇ ಅಲ್ಲಿ ನಡೆದ ಸಂಗತಿ.

ನಾನು ತಡ ಮಾಡಿದೆ, ಸುಮಾರು ಒಂದು ತಿಂಗಳು. ಇದನ್ನು ದೊಡ್ಡ ಪಾಪ ಅಂತ ಆಗಲೂ ಅಂದುಕೊಂಡಿರಲಿಲ್ಲ, ಈಗಲೂ ಅಂದುಕೊಂಡಿಲ್ಲ. ಆದರೆ ನಾಗಮಂಗಲದಲ್ಲಿ ತರಗತಿಗೆ ಹೋಗಿ, ಯಾರ ಉತ್ತರವನ್ನು ಯಾರು ನಕಲು ಮಾಡಿದರು ಅಂತ ವಿದ್ಯಾರ್ಥಿಗಳನ್ನು ವಿಚಾರಿಸುವಾಗ ಪ್ರಶ್ನೆಯನ್ನು ಅರ್ಧಕ್ಕೇ ಬಿಟ್ಟು ಪಾಠಕ್ಕೆ ಹೋಗುತ್ತಿದ್ದೆ. ಒಂದು ಶನಿವಾರ ಮಧ್ಯಾಹ್ನ ಕೆಳಗೆ ಹೋದೆ. ಯಜಮಾನರು ಕೊಟ್ಟಿಗೆಯಲ್ಲಿ ಹಸುವಿನ ಕೊರಳ ಹಗ್ಗ ಬದಲಾಯಿಸುತ್ತಿದ್ದರು.

"ಅವತ್ತು ಪರೀಕ್ಷಕರು ಕೇಳಿದ್ದು ಬಿಸಿ ಎಷ್ಟು ಅಂತ ಅಲ್ಲ," ಅಂದೆ. "ಇದನ್ನ ಯಾರು ಹೇಳಿಕೊಟ್ರು ಅಂತ. ನಾನು ನಿಮ್ಮನ್ನ ಹೇಳಲಿಲ್ಲ."

ಅವರು ಗಂಟು ಬಿಗಿದು ಮುಗಿಸುವವರೆಗೂ ತಿರುಗಲಿಲ್ಲ.

"ಗೊತ್ತಾಯ್ತು ನಂಗೆ," ಅಂದರು. "ಯೋಳಿದ್ರೆ ಏನಾಯ್ತಿತ್ತು?"

"ನಗ್ತಾರೆ ಅನ್ನಿಸಿತು."

"ನಗ್ಲಿ ಬುಡಿ. ನಕ್ಬುಟ್ರೆ ಬೆಳ್ದಿದ್ ಕಾಳು ಕರಗೋಯ್ತಿತ್ತಾ?"

ಅವರು ಹಳೆಯ ಹಗ್ಗವನ್ನು ಸುತ್ತಿ ಗೋಡೆಯ ಗೂಟಕ್ಕೆ ನೇತುಹಾಕಿದರು.

"ನಂಗೇನು ಅಲ್ಲಿ ಹಾರ ಆಕ್ಬೇಕಿತ್ತಾ. ನಂಗೇನು ಅನ್ಸ್ತು ಅಂದ್ರೆ, ಇಲ್ಲಿ ನಾಕು ತಿಂಗ್ಳು ಜೊತೇಲಿ ಕೂತ್ಕೊಂಡ್ರಿ, ಅಲ್ಲಿ ಒಂದಪ ತಿರುಗಿ ನೋಡ್ಲಿಲ್ವಲ್ಲ ಅಂತ. ಅಷ್ಟೇಯ." ಹಸುವಿನ ಬೆನ್ನು ತಟ್ಟಿ, "ಓಗಿ, ಮಗ್ಲು ನೆಲ ಜಾರ್ತದೆ, ನೋಡ್ಕೊಂಡೋಗಿ" ಅಂದರು.

ಪ್ರಬಂಧದ ಅಂತಿಮ ಪ್ರತಿ ಸಲ್ಲಿಸುವುದು ಇನ್ನೂ ಬಾಕಿಯಿತ್ತು. ಪರೀಕ್ಷಕರು ಸೂಚಿಸಿದ ಸಣ್ಣಪುಟ್ಟ ತಿದ್ದುಪಡಿ ಮಾಡಿ ಹೊಸದಾಗಿ ಮುದ್ರಿಸಿ ಕೊಡಬೇಕು. ಕೃತಜ್ಞತೆಯ ಪುಟದಲ್ಲಿ ಮನೆಯ ಯಜಮಾನರು ಅಂತ ಒಂದು ಸಾಲು ಮೊದಲೇ ಇತ್ತು, ಅಪ್ಪ ಅಮ್ಮ ಗಂಡನ ಆಮೇಲೆ. ನಾನು ಅದನ್ನು ತೆಗೆದು, ವಿಧಾನದ ಅಧ್ಯಾಯದಲ್ಲಿ ಒಂದು ಪ್ಯಾರಾ ಸೇರಿಸಿದೆ. ಬೀಜ ಉಳಿಸಿಕೊಳ್ಳುವ ಶಾಖವನ್ನು ಕಣ್ಣಂದಾಜಿನಿಂದ ಗುರುತಿಸುವ ಕ್ರಮ, ಹೆಚ್ಚು ನೀರಿನಿಂದ ಶಾಖ ಕದಲದಂತೆ ಮಾಡುವ ಉಪಾಯ, ಇವೆರಡೂ ಸಕ್ಕರೆ ಕಾರ್ಖಾನೆಯ ನಿವೃತ್ತ ಪ್ಯಾನ್ ಬಾಯ್ಲರ್ (ಪ್ಯಾನ್‌ಮನ್‌ಗೆ ಪುಸ್ತಕದ ಹೆಸರು ಅದು) ಒಬ್ಬರಿಂದ ಬಂದವು, ಅವರು ಪ್ರಯೋಗಗಳಲ್ಲಿ ಜೊತೆಗಿದ್ದರು, ಎಂದು ಅವರ ಹೆಸರಿನೊಂದಿಗೆ ಬರೆದೆ.

ಮಾರ್ಗದರ್ಶಕರಿಗೆ ಇದು ಹಿಡಿಸಲಿಲ್ಲ. ಫೋನಿನಲ್ಲಿ ಮತ್ತೆ ನಯವಾದರು.

"ಮೇಡಂ, ನಿಮ್ಮ ಭಾವನೆ ಅರ್ಥ ಆಗುತ್ತೆ. ಆದರೆ ಅದು ಕೃತಜ್ಞತೆಗೆ ಸೇರಿದ್ದು. ವಿಧಾನದ ಅಧ್ಯಾಯಕ್ಕಲ್ಲ."

"ವಿಧಾನ ಅವರದ್ದೇ ಸರ್," ಅಂದೆ. "ಅದನ್ನ ಇನ್ನೆಲ್ಲಿ ಬರೀಲಿ?"

ಕೊನೆಗೆ ಅವರು, ಪ್ಯಾರಾ ಚಿಕ್ಕದಿರಲಿ ಅಂದರು. ಚಿಕ್ಕದು ಮಾಡಿದೆ. ತೆಗೆಯಲಿಲ್ಲ.

ರಟ್ಟು ಹಾಕಿಸಿದ ಪ್ರತಿಗಳು ಬಂದ ದಿನ ಒಂದನ್ನು ಕೆಳಗೆ ತೆಗೆದುಕೊಂಡು ಹೋದೆ. ಜಗಲಿಯ ಮೇಲೆ ಕೂತು ಆ ಪ್ಯಾರಾವನ್ನು ಕನ್ನಡದಲ್ಲಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಮುಗಿದಮೇಲೆ ತಮ್ಮ ಹೆಸರು ಎಲ್ಲಿದೆ ಅಂತ ತೋರಿಸಲು ಹೇಳಿ, ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿಕೊಂಡರು. ಅದರ ಹಿಂದಿನ ಪದದ ಮೇಲೆ ಬೆರಳಿಟ್ಟರು.

"ಇದೇನಿದು, ಹೆಡ್ಡು ಅಂತಿದ್ದದಲ್ಲ?"

ನಾನು 'ಮುಖ್ಯ ಪ್ಯಾನ್ ಬಾಯ್ಲರ್' ಅಂತ ಬರೆದಿದ್ದೆ. ಬರೆಯುವಾಗ ಯಾರನ್ನೂ ಕೇಳಿರಲಿಲ್ಲ. ಹಾಗಿದ್ದರೆ ತೂಕ ಬರುತ್ತದೆ ಅನ್ನಿಸಿತ್ತು.

"ನಾನು ಹೆಡ್ಡಲ್ಲ ಕಣವ್ವ. ಹೆಡ್ ಪ್ಯಾನ್‌ಮನ್ ಬ್ಯಾರೆಯೋರಿದ್ರು. ನಂದು ಎರಡ್ನೇ ಶಿಫ್ಟು. ಇದ ತೆಗ್ಸಿ."

"ಮುದ್ರಣ ಆಗಿಹೋಗಿದೆ ಯಜಮಾನ್ರೇ. ಇದರಿಂದ ಏನು ತೊಂದರೆ?"

"ತೊಂದ್ರೆ ಏನಿಲ್ಲ. ಅವ್ರು ಸತ್ತೋಗವ್ರೆ. ಆದ್ರೆ ನಂಗೆ ಕೆಲ್ಸ ಕಲ್ಸಿದ್ದು ಅವ್ರೇಯ. ಅವ್ರ ಜಾಗ್ದಲ್ಲಿ ನನ್ನ ಕೂರುಸ್ಬುಟ್ರೆ ಎಂಗೆ?"

ಪೆನ್ನು ತರಿಸಿದರು. ಅವರ ಎದುರಿಗೇ ಆ ಪದದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದೆ. ಆಮೇಲೆ ನನ್ನ ಹತ್ತಿರವಿದ್ದ ಉಳಿದ ಪ್ರತಿಗಳಲ್ಲೂ ಹಾಗೇ ಮಾಡಿದೆ. ವಿಶ್ವವಿದ್ಯಾಲಯಕ್ಕೆ ಕೊಡಬೇಕಾದ ಪ್ರತಿಗಳು ಆ ಹೊತ್ತಿಗಾಗಲೇ ಮೈಸೂರು ಸೇರಿದ್ದವು. ತಿದ್ದಬೇಕೆಂದು ಒಂದು ಅರ್ಜಿ ಬರೆದುಕೊಟ್ಟಿದ್ದೇನೆ. ಅದರ ಮೇಲೆ ಏನಾಯಿತೋ ತಿಳಿಯದು. ಅಲ್ಲಿನ ಪ್ರತಿಯಲ್ಲಿ ಅವರು ಇವತ್ತಿಗೂ ಮುಖ್ಯ ಪ್ಯಾನ್ ಬಾಯ್ಲರೇ ಇರಬೇಕು.

ಮರುವರ್ಷ ಮಾರ್ಗದರ್ಶಕರ ಹೊಸ ವಿದ್ಯಾರ್ಥಿನಿಯೊಬ್ಬಳು, ಬೆಳ್ಳೂರಿನ ಕಡೆಯವಳು, ನನ್ನ ಪ್ರಬಂಧ ಓದಿ ಫೋನು ಮಾಡಿದಳು. ಅವಳದು ಬೇರೆ ಪಾಲಿಮರು, ಕರಗುವ ಶಾಖ ಹೆಚ್ಚು, ನೀರಿನ ಹಂಡೆ ಉಪಯೋಗಕ್ಕೆ ಬರುವುದಿಲ್ಲ. ಅವಳ ಹತ್ತಿರ ಒಳ್ಳೆಯ ಉಪಕರಣವೂ ಇತ್ತು. ಆದರೂ ಅವಳ ಹರಳುಗಳು ಸಣ್ಣಗೇ ಉಳಿಯುತ್ತಿದ್ದವು. ವಿಧಾನದ ಅಧ್ಯಾಯದಲ್ಲಿರುವ ಆ ಯಜಮಾನರನ್ನು ನೋಡಬಹುದೇ ಅಂತ ಕೇಳಿದಳು. ನಾನು ಅವರನ್ನು ಕೇಳಿ, ಬರಲು ಹೇಳಿದೆ.

ಅವಳು ಭಾನುವಾರ ಬೆಳಿಗ್ಗೆ ಬಸ್ಸಿಳಿದು, ಲ್ಯಾಪ್‌ಟಾಪಿನ ಚೀಲ ಹೊತ್ತು ಬಂದಳು. ಯಜಮಾನರು ಜಗಲಿಯ ಮೇಲೆ ಅವಳಿಗೆ ಚಾಪೆ ಹಾಸಿ, ತಾವು ಕಂಬಕ್ಕೆ ಒರಗಿ ಕೂತರು. ಲ್ಯಾಪ್‌ಟಾಪಿನಲ್ಲಿ ಅವಳು ತೋರಿಸಿದ ಚಿತ್ರಗಳನ್ನು ಒಂದೊಂದಾಗಿ, ಅವಸರವಿಲ್ಲದೆ ನೋಡಿದರು. ಅವಳು ಸುಮಾರು ಹೊತ್ತು ವಿವರಿಸಿದಳು. ನಾನು ಒಳಗಿನಿಂದ ಕಾಫಿ ತರುವ ಹೊತ್ತಿಗೆ ಅವರು ಮಾತು ತಡೆದು, ಅವಳನ್ನು ಕೇಳುತ್ತಿದ್ದರು.

"ಅದಿರ್ಲಿ ಕಣಮ್ಮ. ಮೊದ್ಲು ಇದ ಯೋಳು. ಅದು ಕರಗೋವಾಗ ನೀನು ಅದ್ರ ಮುಂದೆ ನಿಂತಿದ್ಯಾ, ಇಲ್ಲ ಮಿಷನ್ನಿಗೆ ಬುಟ್ಟು ಊಟಕ್ಕೆ ಓಗಿದ್ಯಾ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಕಾಫಿ ಕೆಳಗಿಟ್ಟು, ಚಾಪೆಯ ಇನ್ನೊಂದು ತುದಿಯಲ್ಲಿ ಕೂತೆ.